ತೋಟದ ನಾಯಿಗೆ ಮೊದಲು ‘ಬಾ’ ಕಲಿಸಿ

ಮಂಗ ಓಡಿಸಲೆಂದು ನಾವು ನಾಯಿ ಸಾಕುತ್ತೇವೆ. ಅದು ನಾಗರಹಾವಿನ ಎದುರು ನಿಂತು ಬೊಗಳುವಾಗ ಕರೆದರೆ ಬರುತ್ತದೋ?

2 ತಿಂಗಳ ಮರಿಗೇ ಶುರುಮಾಡಬಹುದು. ಹಸಿದಿರುವಾಗ ದಿನಕ್ಕೆ 5 ನಿಮಿಷ ಸಾಕು. ಹೆಸರು ಹಿಡಿದು ‘ಬಾ’ ಎನ್ನಿ. ಬಂದ ಕೂಡಲೇ ಒಣಮೀನಿನ ಚೂರೋ ದೋಸೆ ತುಂಡೋ ಕೊಡಿ. ತಡವಾದರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ಗೊತ್ತಾಗದು. ಮನೆಯವರೆಲ್ಲ ಒಂದೇ ಶಬ್ದ ಬಳಸಬೇಕು. ಅಜ್ಜಿ ‘ಬಾ’, ಮೊಮ್ಮಗ ‘ಕಮ್’ ಅಂದರೆ ನಾಯಿ ಯಾರ ಮಾತು ಕೇಳಬೇಕು? ಅಂಗಳದಲ್ಲಿ ಪಳಗಿದ ಮೇಲೆ ಉದ್ದ ಹಗ್ಗ ಕಟ್ಟಿ ತೋಟದಲ್ಲಿ ಅಭ್ಯಾಸ ಮಾಡಿಸಿ.

ಕರೆದು ಹೊಡೆಯುವುದು ಮಾತ್ರ ಬೇಡ. ಕೋಳಿ ಹಿಡಿದ ನಾಯಿಯಾದರೂ ಸರಿ, ಕರೆದಾಗ ಬಂದರೆ ಬೈಯಬೇಡಿ. ಮರುದಿನ ಅದು ದೂರವೇ ನಿಲ್ಲುತ್ತದೆ. ಕಟ್ಟಿಹಾಕಲಿಕ್ಕಿದ್ದರೆ ನೀವೇ ಅದರ ಹತ್ತಿರ ಹೋಗಿ.

‘ಕೂತ್ಕೋ’ ಸುಲಭ. ತಿಂಡಿಯನ್ನು ಮೂತಿಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ತಲೆ ಎತ್ತುತ್ತಾ ಅದು ತಾನಾಗಿ ಕೂರುತ್ತದೆ.