ಕೊಡಿಮರ ನಿಂತಿತು, ಗಿಡ ನೆಟ್ಟದ್ದುಂಟಾ?

ಸುಳ್ಯ: ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡಿಮರ ಬರುತ್ತದೆಂದರೆ ಊರಿಗೆ ಊರೇ ರಸ್ತೆಯಲ್ಲಿ. ಅಂಗಡಿಯವರು ಅರ್ಧ ಬಾಗಿಲು ಎಳೆದು ಹೊರಡುತ್ತಾರೆ. ಮೆರವಣಿಗೆಯ ಹಿಂದೆ ಸಿಕ್ಕಿಬಿದ್ದ ಬಸ್ಸಿನವರೂ ಗೊಣಗದೆ ಕೈಮುಗಿಯುತ್ತಾರೆ.

ಆದರೆ ಆ ಮರ ಸಿಕ್ಕುವುದು ಸುಲಭವಾ ಮಾರಾಯ್ರೆ? ಹೆಚ್ಚಾಗಿ ತೇಗವೇ ಬೇಕು. ಡೊಂಕು, ಗಂಟು, ಪೊಟರೆ ಇರಬಾರದು. ಮೊದಲು ಮರಕ್ಕೆ ಪೂಜೆ. ಕಡಿದ ಮೇಲೆ ನೆಲಕ್ಕೆ ತಾಗದ ಹಾಗೆ ಇಳಿಸಬೇಕು. ಕೆತ್ತಿ ನಯ ಮಾಡಿ, ಉದ್ದದ ತೊಟ್ಟಿಯಲ್ಲಿ ಮಲಗಿಸಿ, ಎಳ್ಳೆಣ್ಣೆ ತುಂಬಿ ತಿಂಗಳುಗಟ್ಟಲೆ ಬಿಡುತ್ತಾರೆ. ಇದೇ ತೈಲಾಧಿವಾಸ. ಭಕ್ತರೂ ಎಣ್ಣೆ ತಂದು ಎರೆಯುತ್ತಾರೆ. ಆಮೇಲೆ ಪ್ರತಿಷ್ಠೆ, ಮೇಲೆ ತಾಮ್ರದ ಹೊದಿಕೆ.

ಶಾಸ್ತ್ರ ಒಂದು ಕಡೆ ಇರಲಿ, ಇದರಲ್ಲಿ ಲೆಕ್ಕಾಚಾರವೂ ಉಂಟು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆ ಇದು. ನೀರು ಇಳಿದರೆ ಮರ ಕುಂಬಾಗುತ್ತದೆ. ಎಣ್ಣೆ, ತಾಮ್ರ ಎರಡೂ ನೀರನ್ನು ತಡೆಯುತ್ತವೆ.

ಕೆನಡಾದ ವ್ಯಾಂಕೂವರ್‌ನವರಿಗೂ ಇದೇ ಫಜೀತಿ. ಅಲ್ಲಿನ ಮೂಲನಿವಾಸಿಗಳು ಸೀಡರ್ ಮರದಲ್ಲಿ ತಮ್ಮ ಕುಲದ ಹದ್ದು, ಕರಡಿ, ತಿಮಿಂಗಿಲ ಕೆತ್ತಿ ನಿಲ್ಲಿಸುತ್ತಾರೆ. ಟೋಟೆಮ್ ಕಂಬ ಎನ್ನುವುದು ಇದಕ್ಕೇ. 1920ರ ದಶಕದಿಂದ ನಗರದ ಸ್ಟ್ಯಾನ್ಲಿ ಪಾರ್ಕಿನಲ್ಲಿ ಇಂಥ ಕಂಬ ತಂದು ನಿಲ್ಲಿಸಿದರು. ಮಳೆಗಾಳಿಗೆ ಹಲವು ಹಾಳಾದವು. ಹಳೆಯವು ಮ್ಯೂಸಿಯಂ ಸೇರಿದವು, ಹೊಸ ಕೆತ್ತನೆ ಬಂತು. 1964ರಲ್ಲಿ ಹೈಡಾ ಶಿಲ್ಪಿ ಬಿಲ್ ರೀಡ್ ಅಂಥದೊಂದು ಹಳೇ ಕಂಬದ ಪ್ರತಿ ಮಾಡಿಕೊಟ್ಟರು. 2009ರಲ್ಲಿ ರಾಬರ್ಟ್ ಯೆಲ್ಟನ್ ಕೆತ್ತಿದ ಕಂಬವೂ ಸೇರಿತು. ಮರ ಇದ್ದದ್ದಕ್ಕೆ, ಕೆತ್ತುವ ಕೈ ಇದ್ದದ್ದಕ್ಕೆ ಪಾರ್ಕು ಬರಿದಾಗಲಿಲ್ಲ.

ನಮ್ಮಲ್ಲಿ? ಕೆತ್ತುವ ಆಚಾರಿಗಳು ಇದ್ದಾರೆ. ಕೊರತೆ ಆಗುವುದು ಮರಕ್ಕೆ. ಕೊಡಿಮರಕ್ಕೆ ಆಗುವಷ್ಟು ತೇಗ ಬಲಿಯಲು ಅರವತ್ತು-ಎಪ್ಪತ್ತು ವರ್ಷವಾದರೂ ಬೇಕು. ಗುಡ್ಡೆಗಳಿಗೆ ರಬ್ಬರು ಹತ್ತಿದೆ, ಬಯಲಿಗೆ ಅಡಿಕೆ ಇಳಿದಿದೆ. ಸ್ವಂತ ಜಾಗದ ತೇಗ ಕಡಿಯಲೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಿದದ್ದಕ್ಕೆ ಬದಲು ಗಿಡ ನೆಡಿಸುವ ಷರತ್ತೂ ಆ ಕಾಯ್ದೆಯಲ್ಲುಂಟು. ನೆಡುವುದೇನೋ ನೆಡಬಹುದು. ಬೇಸಗೆಯಲ್ಲಿ ನೀರು ಹಾಕುವವರು ಯಾರು? ದನ ಅಟ್ಟುವವರು ಯಾರು?

ಬ್ರಹ್ಮಕಲಶದ ಖರ್ಚಿನ ಪಟ್ಟಿಯಲ್ಲಿ ಚಪ್ಪರ, ಊಟ, ಮೈಕು ಎಲ್ಲಕ್ಕೂ ಸಮಿತಿ ಉಂಟು. ಹತ್ತು ತೇಗದ ಗಿಡಕ್ಕೆ ಬೇಲಿ ಹಾಕಿ ನೋಡಿಕೊಳ್ಳಲು ಒಂದು ಸಮಿತಿ ಮಾಡಿದರೆ ಹೆಚ್ಚೇನೂ ಖರ್ಚಿಲ್ಲ. ಮುಂದಿನ ಕೊಡಿಮರ ಕಟ್ಟಿಸುವ ಮೊಮ್ಮಕ್ಕಳಿಗೆ ಲಾರಿ ಹಿಡಿದು ಊರೂರು ಅಲೆಯುವ ಕೆಲಸವಾದರೂ ತಪ್ಪುತ್ತದೆ.