ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು

ಪ್ರಶ್ನೆ: ಕೆಲವು ಮಕ್ಕಳು ನೋಡಿ, ಕೆಲವರು ಕೇಳಿ, ಇನ್ನು ಕೆಲವರು ಮಾಡಿ ಕಲಿಯುತ್ತಾರಂತೆ. ಅವರವರ ಶೈಲಿಯಲ್ಲೇ ಕಲಿಸಬೇಕೆ?

ಉತ್ತರ: ಮಕ್ಕಳಿಗೆ ಇಷ್ಟಗಳಿರುವುದು ನಿಜ, ಆದರೆ ಇಷ್ಟದ ದಾರಿಯಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ಈ ಕುರಿತ ಅಧ್ಯಯನಗಳನ್ನು ಪರಿಶೀಲಿಸಿದರು. ಅವರು ಬಯಸಿದ ಪುರಾವೆ ಸರಳ: ಒಂದೇ ಪರೀಕ್ಷೆಯಲ್ಲಿ ‘ನೋಡುವವರು’ ಚಿತ್ರದ ಪಾಠದಿಂದ, ‘ಕೇಳುವವರು’ ಮಾತಿನ ಪಾಠದಿಂದ ಮುಂದೆ ಬರಬೇಕು. ಹಾಗೆ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳೇ ವಿರಳ. ಅವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾಗಿದ್ದವು.

ಹಾಗಾದರೆ ಚಿತ್ರ ಬರೆದು ತೋರಿಸಿದೊಡನೆ ಮಗುವಿಗೆ ಅರ್ಥವಾಗುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಆದರೆ ಆ ಗುಣ ಬಹುಪಾಲು ಪಾಠದ್ದು. ನಕ್ಷೆಯನ್ನು ಕಣ್ಣಿನಿಂದ, ಷಟ್ಪದಿಯ ಲಯವನ್ನು ಕಿವಿಯಿಂದ, ತಕ್ಕಡಿಯ ಸಮತೋಲವನ್ನು ಕೈಯಿಂದ ಕಲಿಯುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. (ದೃಷ್ಟಿ ಅಥವಾ ಶ್ರವಣದ ತೊಂದರೆ ಇದ್ದರೆ ಮಾತು ಬೇರೆ.) ಮಕ್ಕಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಅವರಿಗೆ ಮೊದಲೇ ಏನು ಗೊತ್ತು ಎಂಬುದರಲ್ಲಿ. ಮೇಲಾಗಿ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮತ್ತೆ ಮತ್ತೆ ಓದಿದವರಿಗಿಂತ ವಾರದ ನಂತರ ಹೆಚ್ಚು ನೆನಪಿಟ್ಟಿದ್ದನ್ನು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ತೋರಿಸಿದ್ದಾರೆ. ದಯವಿಟ್ಟು ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ. ಇಂದು ಕಲಿತದ್ದನ್ನು ಪುಸ್ತಕ ಮುಚ್ಚಿ ಹೇಳಲು ಕೇಳಿ.