ಬ್ರಷ್ ಕಟರ್ ಎಂಜಿನ್‌ನಿಂದ ವಿಮಾನ ಹಾರುತ್ತದೆಯೇ?

ಶ್ರೀನಿವಾಸಪುರ, ಮುಳಬಾಗಿಲಿನ ಮಾವಿನ ತೋಟಗಳಲ್ಲಿ ಹುಲ್ಲು ಕತ್ತರಿಸುವ ಬ್ರಷ್ ಕಟರ್ ನೋಡಿರುತ್ತೀರಿ. ಅದರ ಪೆಟ್ರೋಲ್ ಎಂಜಿನ್‌ಗೆ ಪ್ರೊಪೆಲರ್ ಸಿಕ್ಕಿಸಿದರೆ ದೊಡ್ಡ ರಿಮೋಟ್ ವಿಮಾನ ಹಾರುತ್ತದೆಯೇ?

ಇದು ಅರ್ಧ ನಿಜ. ಹವ್ಯಾಸಿಗಳು ಇಂಥ ಟೂ-ಸ್ಟ್ರೋಕ್ ಎಂಜಿನ್ ಮಾರ್ಪಡಿಸಿ ಹಾರಿಸಿದ್ದಾರೆ. ಆದರೆ ಕ್ಲಚ್, ಹಗ್ಗದ ಸ್ಟಾರ್ಟರ್ ತೆಗೆದು ತೂಕ ಇಳಿಸಬೇಕು, ಸರಿಯಾದ ಹಬ್ ಕೂರಿಸಬೇಕು. ಬರೀ ಬೋಲ್ಟ್ ಬಿಗಿದರೆ ಪ್ರೊಪೆಲರ್ ಬಿಚ್ಚಿ ಮೈಗೆ ಬಡಿಯಬಹುದು.

ಎಂಜಿನ್ ಆರಿಸುವಾಗ ಸಿಸಿ ಒಂದನ್ನೇ ನೋಡಬೇಡಿ. ವಿಮಾನದ ಒಟ್ಟು ತೂಕ, ಎಂಜಿನ್ ತೂಕ, ಪ್ರೊಪೆಲರ್ ಅಳತೆ ಮೂರೂ ಹೊಂದಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಎಂಜಿನ್ ಶಕ್ತಿಯೂ ತುಸು ಕಡಿಮೆ.

2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಇಂಥ ವಿಡಿಯೊ ಫಾರ್ವರ್ಡ್ ಮಾಡುವಾಗ ಇದನ್ನೂ ಜೊತೆಗೆ ಕಳಿಸಿ.